ವಾಪಸ್ ಹೋದ ಹನ್ನೊಂದು ಪೊಟ್ಟಣ

ಏಳನೆಯ ಕಂತು: ನಡುಗೆರೆ ಇಲ್ಲದ ವಿಭೂತಿ

“ಅದನ್ನ ಕೀಳಬ್ಯಾಡ್ರಿ ಮೇಡಂ, ಅದು ಕಂಪನಿ ಸ್ಟಿಕ್ಕರ್ರು,” ಎಂದು ತಿಪ್ಪೇಶಪ್ಪ ಗಲ್ಲಾದ ಹಿಂದಿನಿಂದಲೇ ಕೈ ಚಾಚಿದ.

ಪ್ರೇಮಲತಾ ಬೆರಳು ಹಿಂದಕ್ಕೆ ತೆಗೆಯಲಿಲ್ಲ. ನೇರಳೆ ಬಣ್ಣದ ಮಿಕ್ಸಿಯ ಬಲಮಗ್ಗುಲಲ್ಲಿ ಒಂದು ಗಿಳಿಯ ಚಿತ್ರ ಅಂಟಿಕೊಂಡಿತ್ತು. ಗಿಳಿಯ ಕೆಳಗಿನ ಭಾಗವನ್ನು ಯಾರೋ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಕೈ ಸ್ವಲ್ಪ ಜಾರಿ ‘ತರಗತಿ’ ಎನ್ನುವ ಅಕ್ಷರಗಳ ತಲೆಕಟ್ಟು ಮಾತ್ರ ಅಂಚಿನಲ್ಲಿ ಉಳಿದುಬಿಟ್ಟಿತ್ತು.

“ಇದ್ಯಾವ ಕಂಪನಿ ತಿಪ್ಪೇಶಪ್ಪನೋರೆ? ಒಂದನೇ ಕ್ಲಾಸಿನ ನೋಟ್‌ಬುಕ್ಕಿನ ಕಂಪನಿಯಾ?”

ತಿಪ್ಪೇಶಪ್ಪ ನಗಲಿಲ್ಲ. ನಗಬೇಕಾದ ಕಡೆ ನಗದ ಮನುಷ್ಯರನ್ನು ಕಂಡರೆ ಪ್ರೇಮಲತಾಗೆ ಮೊದಲಿನಿಂದಲೂ ಗುಮಾನಿ. ಚನ್ನಗಿರಿ ಪೋಸ್ಟಾಫೀಸಿನ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ರಿಟೈರ್ ಆದವಳು ಅವಳು. ‘ಒಳಗೆ ಏನಿದೆ’ ಎಂದು ಕೇಳಿದಾಗ ಜನ ಮುಖದಲ್ಲಿ ಏನೇನು ಮಾಡುತ್ತಾರೆಂಬುದು ಅವಳಿಗೆ ಬಾಯಿಪಾಠ.

ಹೊನ್ನಾಳಿಯ ಆನ್‌ಲೈನ್ ಪಾರ್ಸೆಲ್ ಹಬ್‌ನಿಂದ ನಾಲ್ಕು ತಿಂಗಳಲ್ಲಿ, ಗಿರಾಕಿಗಳು ಬೇಡವೆಂದದ್ದಕ್ಕೆ ವಾಪಸ್ ಹೋದ ಹನ್ನೊಂದು ಹೊಸ ವಸ್ತುಗಳು ಕಂಪನಿಯ ಗೋಡೌನ್ ತಲುಪುವಷ್ಟರಲ್ಲಿ ಗುಜರಿಯಾಗಿದ್ದವು. ಹನ್ನೊಂದನ್ನೂ ಮನೆಗಳಿಂದ ತಂದವಳು ರಮ್ಯಶ್ರೀ ಎಂಬ ಒಬ್ಬಳೇ ಹುಡುಗಿ. ಶನಿವಾರ ಸಂಜೆ ಐದರೊಳಗೆ ನಿಜವಾದ ಕಳ್ಳರು ಸಿಗದಿದ್ದರೆ ಅವಳ ಕೆಲಸ ಹೋಗುತ್ತದೆ, ಪೊಲೀಸ್ ಕಂಪ್ಲೇಂಟ್ ಆಗುತ್ತದೆ. ಇವತ್ತು ಗುರುವಾರ. ರಮ್ಯಶ್ರೀಯ ಪರವಾಗಿ ಪ್ರೇಮಲತಾ ಆ ಹನ್ನೊಂದು ವಸ್ತುಗಳ ಪಟ್ಟಿ ಹಿಡಿದು ಹತ್ತಿದ ಆರನೆಯ ಅಂಗಡಿ ಇದು. ಜಗಳೂರಿನ ಬಸ್‌ಸ್ಟ್ಯಾಂಡ್ ಹತ್ತಿರ, ‘ಆನ್‌ಲೈನ್ ಮಾಲು ಅರ್ಧ ರೇಟಿಗೆ’ ಎಂದು ಬ್ಯಾನರ್ ಕಟ್ಟಿಕೊಂಡಿರುವ ಅಂಗಡಿ.

“ಒಂದು ಟೀ ಹೇಳ್ರಿ,” ಎಂದಳು.

“ಟೀನಾ?”

“ಸುಡುಸುಡು ಇರ್ಲಿ. ಗ್ಲಾಸಿನಾಗೇ ಕೊಡಾಕೆ ಹೇಳ್ರಿ, ಪೇಪರ್ ಕಪ್ ಬ್ಯಾಡ.”

ಟೀ ಬಂತು. ಪ್ರೇಮಲತಾ ಅದನ್ನು ಕುಡಿಯಲಿಲ್ಲ. ಗ್ಲಾಸನ್ನು ಸೆರಗಿನಲ್ಲಿ ಹಿಡಿದು ಅದರ ಬಿಸಿ ಹೊಟ್ಟೆಯನ್ನು ಗಿಳಿಯ ಮೇಲೆ ಒತ್ತಿದಳು. ಮೂವತ್ತನಾಲ್ಕು ವರ್ಷ ಅಂಟಿನ ಜೊತೆ ಸಂಸಾರ ಮಾಡಿದವಳಿಗೆ ಅದರ ಸ್ವಭಾವ ಗೊತ್ತಿತ್ತು. ಬೇರೆಯವರ ಕಾಗದ ಬಿಚ್ಚಿ ಓದುವುದಕ್ಕೆ ಕಲಿತದ್ದಲ್ಲ, ಓರೆಕೋರೆ ಅಂಟಿಸಿದ ಸ್ಟಾಂಪು ಬಿಡಿಸುವುದಕ್ಕೆ ಕಲಿತದ್ದು. ನಾಲ್ಕು ಸಲ ಗ್ಲಾಸು ಒತ್ತಿ ತೆಗೆದ ಮೇಲೆ ಗಿಳಿ ಒಂದು ಮೂಲೆಯಿಂದ ನಿಧಾನವಾಗಿ ಎದ್ದು ಬಂತು.

ಕೆಳಗೆ ವಿಭೂತಿ ಇತ್ತು.

ನೀರಲ್ಲಿ ಕಲಸಿ ಬೆರಳಿಂದ ಎಳೆದ ವಿಭೂತಿ. ಒಣಗಿ ಬಿಳಿಯ ಪದರವಾಗಿತ್ತು. ಅರ್ಧ ಸ್ಟಿಕ್ಕರಿನ ಬೆನ್ನಿಗೆ ಅಂಟಿಕೊಂಡು ಬಂದಿತ್ತು, ಅರ್ಧ ಮಿಕ್ಸಿಯ ಮೇಲೆ ಉಳಿದಿತ್ತು. ಆದರೆ ಗೆರೆ ಮೂರು ಇರಲಿಲ್ಲ. ಮೇಲೊಂದು, ಕೆಳಗೊಂದು. ನಡುವೆ ಒಂದು ಬೆರಳಿನಷ್ಟು ಜಾಗ ಖಾಲಿ.

ಪ್ರೇಮಲತಾ ಅಲ್ಲಿಯೇ ಸ್ಟೂಲಿನ ಮೇಲೆ ಕೂತು ನ್ಯಾಮತಿಯ ದ್ಯಾಮಮ್ಮನಿಗೆ ಫೋನ್ ಮಾಡಿದಳು. ಪಟ್ಟಿಯಲ್ಲಿ ಏಳನೆಯ ವಸ್ತು ಆಕೆಯದು. ಹೊಸ ಮಿಕ್ಸಿ ತರಿಸಿ, ಜಾರು ಸೋರುತ್ತದೆಂದು ಎರಡೇ ದಿನಕ್ಕೆ ವಾಪಸ್ ಕಳಿಸಿದ್ದಳು. ಗೋಡೌನಿನಲ್ಲಿ ಆ ಕವರ್ ಬಿಚ್ಚಿದಾಗ ಒಳಗಿದ್ದದ್ದು ಸುಟ್ಟುಹೋದ ಹಳೆಯ ಮಿಕ್ಸಿ.

“ದ್ಯಾಮಮ್ಮ, ಮಿಕ್ಸಿ ಬಂದ ದಿನ ಪೂಜೆ ಮಾಡಿದ್ರಾ?”

“ಮಾಡ್ದೆ ಇರ್ತೀವೇನ್ರಿ. ಮನಿಗೆ ಹೊಸಾದು ಏನು ಬಂದ್ರೂ ವಿಭೂತಿ ಹಚ್ಚದೆ ಉಪಯೋಗ್ಸಲ್ಲ ನಾವು. ಸ್ವಿಚ್ಚಿನ ಬಲಗಡೆ ಹಚ್ಚಿದ್ದೆ.”

“ಎಷ್ಟು ಗೆರೆ?”

“ಅದನ್ನ ಯಾಕೆ ಕೇಳ್ತೀರಿ? ಅವತ್ತು ಈಳಿಗೆಮಣೆ ತಾಗಿ ನಡುಬೆರಳಿಗೆ ಬಟ್ಟೆ ಕಟ್ಕಂಡಿದ್ದೆ. ಎರಡೇ ಗೆರೆ ಬಂದ್ವು. ಆಮೇಲೆ ಮಿಕ್ಸಿ ಕೆಟ್ಟಿದ್ದಕ್ಕೆ ನಮ್ಮ ಮನೆಯವ್ರು ಅದನ್ನೇ ಆಡಿಕೊಂಡ್ರು.”

ಪ್ರೇಮಲತಾಗೆ ಎದೆ ಹಗುರಾಯಿತು. ಹನ್ನೊಂದರಲ್ಲಿ ಒಂದಾದರೂ ಸಿಕ್ಕಿತ್ತು. ಮಿಕ್ಸಿಯ ತಳದ ನಂಬರನ್ನು ಯಾರೋ ಉಜ್ಜಿ ತೆಗೆದಿದ್ದರು, ಆದರೆ ದ್ಯಾಮಮ್ಮನ ಗಾಯದ ಬೆರಳನ್ನು ಉಜ್ಜಲು ಅವರಿಂದ ಆಗಿರಲಿಲ್ಲ.

“ಯಾರು ತಂದು ಕೊಟ್ಟಿದ್ದು?” ಎಂದು ತಿಪ್ಪೇಶಪ್ಪನ ಕಡೆ ತಿರುಗಿದಳು.

“ಹೆಸರು ಗೊತ್ತಿಲ್ರೀ. ಸೊಕ್ಕೆ ಹಳ್ಳಿ ಹತ್ರ ಬಂದು ಫೋನ್ ಮಾಡ್ತಾರೆ. ನಾನು ಹೋಗಿ ಮಾಲು ಇಳಿಸ್ಕಂತೀನಿ. ಬಿಳೀ ಕಾರು.”

“ಗಂಡಸೋ ಹೆಂಗಸೋ?”

“ಗ್ಲಾಸ್ ಇಳಿಸಲ್ರೀ. ಡಿಕ್ಕಿ ತೆಗೀತಾರೆ, ನಾನು ಮಾಲು ತಗಂತೀನಿ.”

ಅರ್ಧ ಸತ್ಯ ಹೇಳುವವರ ಕಣ್ಣು ಹೊಸಿಲ ಕಡೆ ಹೋಗುತ್ತದೆ. ತಿಪ್ಪೇಶಪ್ಪನ ಕಣ್ಣೂ ಹೋಯಿತು. ಹೆಚ್ಚು ಹಿಂಡಿದರೆ ಇರುವುದೂ ಹೋಗುತ್ತದೆಂದು ಪ್ರೇಮಲತಾ ಸುಮ್ಮನಾದಳು. ಮಿಕ್ಸಿಯನ್ನು ಅರ್ಧ ರೇಟಿಗೇ ಕೊಂಡು, ಅವನ ಕೈಯಲ್ಲಿ ದಿನಾಂಕ ಹಾಕಿಸಿ ಬಿಲ್ ಬರೆಸಿಕೊಂಡಳು. ಗಿಳಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನ ಒಳಜೇಬಿಗೆ ಸೇರಿಸಿದಳು.

ದಾವಣಗೆರೆ ಬಸ್ ಹತ್ತಿ ಕಿಟಕಿಯಿಂದ ತಿರುಗಿ ನೋಡಿದಾಗ ತಿಪ್ಪೇಶಪ್ಪ ಅಂಗಡಿಯ ಹೊರಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಮಾತಾಡುತ್ತಾ ಬಸ್ಸನ್ನೇ ನೋಡುತ್ತಿದ್ದ.

*

ಬಸ್ಸಿನಲ್ಲಿ ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಹೆಂಗಸನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಪ್ರೇಮಲತಾಗೆ ಅದೇ ಬೇಕಾಗಿತ್ತು, ಯೋಚನೆ ಮಾಡುವುದಿತ್ತು.

ಕದ್ದ ಮಿಕ್ಸಿಯನ್ನು ಹೊಸದೆಂದು ಮಾರಬೇಕು, ಮೇಲೆ ವಿಭೂತಿ ಇದೆ. ಕಳ್ಳನಾದವನು ಏನು ಮಾಡುತ್ತಾನೆ? ಒಂದು ಒದ್ದೆ ಬಟ್ಟೆ ತಗೊಂಡು ಒರೆಸುತ್ತಾನೆ. ಅರ್ಧ ನಿಮಿಷದ ಕೆಲಸ. ಅದು ಬಿಟ್ಟು ನೋಟ್‌ಬುಕ್ಕಿನ ಲೇಬಲ್ ಹುಡುಕಿ, ಕತ್ತರಿ ಹುಡುಕಿ, ಹೆಸರು-ತರಗತಿ ಕತ್ತರಿಸಿ, ಗಿಳಿಯನ್ನು ಅಂಟಿಸುತ್ತಾನೆಯೇ?

ಒರೆಸಲು ಕೈ ಬಾರದವರು ಹಾಗೆ ಮಾಡುತ್ತಾರೆ. ವಿಭೂತಿಯನ್ನು ಮಸಿಬಟ್ಟೆಯಿಂದ ತಿಕ್ಕುವುದೆಂದರೆ ಜೀವ ಝಲ್ಲೆನ್ನುವ ಜನ. ದಿನಾ ಬೆಳಿಗ್ಗೆ ಹಣೆಗೆ ಹಚ್ಚಿಕೊಳ್ಳದೆ ನೀರೂ ಕುಡಿಯದ ಜನ. ಅಂಥ ಮನೆ, ಅದರಲ್ಲಿ ಶಾಲೆಗೆ ಹೋಗುವ ಒಂದು ಮಗು.

ಯೋಚನೆ ಅಲ್ಲಿಗೆ ಬಂದು ನಿಂತಿತು. ಪ್ರೇಮಲತಾಗೆ ಮುಂದಕ್ಕೆ ಹೋಗುವ ಮನಸ್ಸಾಗಲಿಲ್ಲ.

ರಮ್ಯಶ್ರೀಯ ಸ್ಕೂಟರಿನ ಹೆಡ್‌ಲೈಟಿನ ಮೇಲೆ ವಿಭೂತಿಯ ಮೂರು ಗೆರೆ ಇರುತ್ತವೆ. ಮೊದಲ ದಿನ ಚನ್ನಗಿರಿಯಲ್ಲಿ ಪ್ರೇಮಲತಾಳ ಮನೆಗೆ ಬಂದು, ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ, “ಅಕ್ಕಾ, ನಾನು ಕದ್ದಿಲ್ಲ ಅಂತ ನನ್ನ ಮಗಳಿಗಾದ್ರೂ ಗೊತ್ತಾಗ್ಬೇಕು. ಅವಳ ಶಾಲೆಗೂ ಸುದ್ದಿ ಹೋಗೈತೆ,” ಎಂದು ಅತ್ತಿದ್ದಳು. ಮಗಳು ಒಂದನೇ ಕ್ಲಾಸು. ಮನೆ ಗೋವಿನಕೋವಿ.

ಪ್ರೇಮಲತಾ ಆವತ್ತೇ ಒಂದು ಪ್ರಶ್ನೆ ಕೇಳಿದ್ದಳು. ಪೊಟ್ಟಣದ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೊಂದೇ. “ಸೀಲು ಎಲ್ಲಿ ಹಾಕ್ತೀಯ?” ರಮ್ಯಶ್ರೀ ಕಣ್ಣು ಮಿಟುಕಿಸದೆ ಉತ್ತರ ಕೊಟ್ಟಿದ್ದಳು. “ಗಿರಾಕಿ ಮನೆ ಬಾಗ್ಲಾಗೇ ಅಕ್ಕ. ಅವ್ರ ಎದುರಿಗೇ ಫೋಟೋ ತೆಗ್ದು, ಕವರಿಗೆ ಹಾಕಿ, ಟೇಪ್ ಹಚ್ಚಿ, ಸ್ಕ್ಯಾನ್ ಮಾಡ್ತೀನಿ. ರೂಲ್ಸ್ ಹಂಗೇ ಐತೆ.”

ಆ ಮಾತನ್ನು ನಂಬಿಯೇ ಪ್ರೇಮಲತಾ ಈ ಕೇಸು ಹಿಡಿದದ್ದು.

ದಾವಣಗೆರೆಯಲ್ಲಿ ಬಸ್ ಬದಲಾಯಿಸಿ ಹೊನ್ನಾಳಿಗೆ ಇಳಿದಾಗ ಎರಡೂವರೆ. ಹಬ್ ಎಂದರೆ ದೊಡ್ಡದೇನಲ್ಲ, ರೋಲಿಂಗ್ ಶಟರ್ ಹಾಕಿದ ಒಂದು ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಚೀಲಗಳು, ಮೂಲೆಯಲ್ಲಿ ಒಂದು ಕಂಪ್ಯೂಟರ್. ಅದರ ಮುಂದೆ ಹಬ್ಬಿನ ಮಾಲೀಕ ಪ್ರಸನ್ನಕುಮಾರ್. ನಲವತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಅವನ ಹಣೆಯ ಮೇಲೂ ವಿಭೂತಿ ಇತ್ತು. ಪ್ರೇಮಲತಾ ಅದನ್ನು ಇವತ್ತು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

“ಬರ್ರಿ ಮೇಡಂ. ಸಿಕ್ತಾ ಏನಾದ್ರೂ?”

ಮಿಕ್ಸಿ ಇದ್ದ ಚೀಲವನ್ನು ಅವಳು ಕಾಲಿನ ಹಿಂದಕ್ಕೆ ಸರಿಸಿದಳು. “ಇನ್ನೂ ಇಲ್ರೀ. ಒಂದು ವಿಷ್ಯ ಕೇಳೋದಿತ್ತು. ಕವರಿಗೆ ಸೀಲ್ ಹಾಕಿ ಸ್ಕ್ಯಾನ್ ಮಾಡ್ತಾರಲ್ಲ, ಎಲ್ಲಿ ಮಾಡಿದ್ರು ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಾಗ್ತೈತಾ?”

“ಜಾಗ, ಟೈಮು ಎರಡೂ ಬರ್ತೈತೆ. ನಿನ್ನೆ ತಾನೇ ನಾನೂ ನೋಡ್ದೆ.” ಅವನು ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. ತಿರುಗಿಸಲು ಕಾದು ಕೂತಿದ್ದವನ ಹಾಗೆ ತಿರುಗಿಸಿದ. “ಓದ್ರಿ. ದ್ಯಾಮಮ್ಮನ ಮಿಕ್ಸಿ. ಫೋಟೋ ತೆಗೆದಿದ್ದು ನ್ಯಾಮತಿ, ಹನ್ನೆರಡು ಹತ್ತು. ಸೀಲ್ ಹಾಕಿದ್ದು ಎಲ್ಲಿ?”

ಪ್ರೇಮಲತಾ ಓದಿದಳು. ಗೋವಿನಕೋವಿ, ಒಂದು ಐವತ್ತು.

“ಕೆಳಗಿನ್ದು ಓದ್ರಿ.”

ಗೋವಿನಕೋವಿ, ಒಂದು ನಲವತ್ತು. ಅದರ ಕೆಳಗಿನದೂ ಗೋವಿನಕೋವಿ. ಹನ್ನೊಂದಕ್ಕೆ ಹನ್ನೊಂದೂ ಒಂದೂವರೆಯಿಂದ ಎರಡರೊಳಗೆ ಗೋವಿನಕೋವಿಯಲ್ಲೇ ಸೀಲಾಗಿದ್ದವು.

“ಒಂದೂವರೆ ಗಂಟೆ ಹೊತ್ತು ಬಿಚ್ಚಿದ ಮಾಲು ಇಟ್ಕಂಡು ಓಡಾಡ್ಯಾಳೆ. ಮನೆಗೆ ಹೋಗ್ಯಾಳೆ. ಅಲ್ಲಿ ಸೀಲ್ ಹಾಕ್ಯಾಳೆ. ಇನ್ನೇನು ಬೇಕು ಮೇಡಂ? ನಾನು ಶನಿವಾರ ತನ್ಕ ಕಾಯ್ತೀನಿ ಅಂದಿದ್ದು ನಿಮ್ಮ ಮುಖ ನೋಡಿ.”

“ಈ ಲೆಕ್ಕ ಮೊದಲೇ ಯಾಕೆ ತೋರಿಸಲಿಲ್ಲ?”

“ಯಾರೂ ಕೇಳ್ಲಿಲ್ಲ.”

“ನಿಮಗೆ ನಿನ್ನೆ ಯಾಕೆ ನೋಡ್ಬೇಕು ಅನ್ನಿಸ್ತು?”

ಪ್ರಸನ್ನಕುಮಾರ್ ಪೆನ್ನಿನ ಮುಚ್ಚಳ ಹಾಕಿದ. ಪ್ರೇಮಲತಾ ಇನ್ನೊಂದು ಕಡೆಯಿಂದ ಬಂದಳು. “ಇಲ್ಲಿ ಕೆಲಸಕ್ಕೆ ಎಷ್ಟು ಜನ?”

“ನಾಲ್ಕು ಗಂಡುಮಕ್ಕಳು. ಹೆಣ್ಣುಮಗಳು ಅಂತ ಇವಳೊಬ್ಳೇ. ಹೆಣ್ಣುಮಗಳು ಅಂತಾನೇ ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಾಕೆ ಬಿಟ್ಟಿದ್ದೆ. ನೋಡ್ರಿ ಅದರ ಫಲ.”

“ಮೇಲಿನಿಂದ ಚೆಕ್ ಮಾಡಾಕೆ ಯಾರಾದ್ರೂ ಬರ್ತಾರಾ?”

“ಬರೋದಿದ್ರೆ ಮೊದ್ಲು ನನಗೆ ಮೇಲ್ ಬರ್ಬೇಕು. ಎರಡು ವರ್ಷದಿಂದ ಒಬ್ರೂ ಬಂದಿಲ್ಲ.”

ಹೊರಗೆ ಬಂದಾಗ ಬಿಸಿಲಿಗಿಂತ ಸಿಟ್ಟೇ ಹೆಚ್ಚು ಸುಡುತ್ತಿತ್ತು. ಆ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದಳು. ಮೂವತ್ತನಾಲ್ಕು ವರ್ಷ ಕೌಂಟರಿನಲ್ಲಿ ಕೂತದ್ದು ದಂಡವಾಯಿತಲ್ಲ ಎಂದು ಪ್ರೇಮಲತಾಗೆ ತನ್ನ ಮೇಲೇ ಅವಮಾನವಾಯಿತು. ಅವಮಾನವಾದಾಗ ಮನುಷ್ಯರ ಬುದ್ಧಿ ಸ್ವಲ್ಪ ಮಂಕಾಗುತ್ತದೆ, ಅವಳದೂ ಆಯಿತು.

ನ್ಯಾಮತಿ ಕಡೆಯ ಬಸ್ಸಿಗೆ ಕಾಯುತ್ತಿದ್ದಾಗ ಮೊಬೈಲ್ ರಿಂಗಾಯಿತು. ರಮ್ಯಶ್ರೀ.

ಪ್ರೇಮಲತಾ ಹೆಸರನ್ನು ನೋಡಿದಳು. ಈಗ ಎತ್ತಿದರೆ ದನಿಯಲ್ಲಿ ಸಿಟ್ಟು ಗೊತ್ತಾಗುತ್ತದೆ, ಹುಡುಗಿ ಎಚ್ಚರವಾಗುತ್ತಾಳೆ. ಮುನ್ಸೂಚನೆ ಕೊಡದೆ ಮನೆಗೇ ಹೋಗಿ ನಿಲ್ಲಬೇಕು. ಕಾಲ್ ಕಟ್ ಮಾಡಿದಳು. ಎರಡು ನಿಮಿಷಕ್ಕೆ ಮತ್ತೆ ಬಂತು, ಮತ್ತೆ ಕಟ್ ಮಾಡಿದಳು. ಮೂರನೆಯ ಸಲ ಬರಲಿಲ್ಲ.

*

ಗೋವಿನಕೋವಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. “ಆ ಪಾರ್ಸೆಲ್ ಹುಡುಗಿ ಮನೆನಾ?” ಎಂದು ಕೇಳಿದ ಹೆಂಗಸು ದಾರಿ ತೋರಿಸುವಾಗ ತುಟಿಯ ಒಂದು ಕೊನೆಯಲ್ಲಿ ನಕ್ಕಳು. ಆ ನಗು ಪ್ರೇಮಲತಾಗೆ ಇಷ್ಟವಾಗಲಿಲ್ಲ, ಸಿಟ್ಟಿದ್ದರೂ ಇಷ್ಟವಾಗಲಿಲ್ಲ.

ಜಗಲಿಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ರಮ್ಯಶ್ರೀಯ ಅತ್ತೆ ಸಿದ್ದಲಿಂಗಮ್ಮ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಪಕ್ಕದಲ್ಲಿ ಸ್ಕೂಲ್ ಬ್ಯಾಗು ಬಾಯಿ ತೆರೆದು ಬಿದ್ದಿತ್ತು. ಅದರೊಳಗಿನ ನೋಟ್‌ಬುಕ್ಕುಗಳ ಮೇಲೆ ಸಾಲಾಗಿ ಗಿಳಿಗಳು.

“ನಾನು ಚನ್ನಗಿರಿಯಿಂದ ಬಂದೆ. ರಮ್ಯಶ್ರೀಗೆ ಬೇಕಾದವಳು,” ಎಂದಳು ಪ್ರೇಮಲತಾ. ಹೆಸರು ಹೇಳಲಿಲ್ಲ.

“ಕೂತ್ಕರಿ. ಬಿಸಿಲಾಗೆ ಬಂದೀರಿ, ನೀರು ಕುಡೀರಿ.”

ನೀರು ಬಂತು. ಪ್ರೇಮಲತಾ ಕುಡಿದು ಚೊಂಬು ಕೆಳಗಿಟ್ಟು, ಬ್ಯಾಗಿನ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಅವರೆಕಾಯಿಯ ಮೊರದ ಪಕ್ಕದಲ್ಲಿಟ್ಟಳು.

ಸಿದ್ದಲಿಂಗಮ್ಮ ಬಗ್ಗಿ ನೋಡಿದಳು. “ಇದು ನಮ್ಮ ಪಾಪುನ ಗಿಳಿ. ನಿಮಗೆಲ್ಲಿ ಸಿಕ್ತು?”

ಹೆದರಿಕೆಯನ್ನು ನಿರೀಕ್ಷಿಸಿದ್ದ ಪ್ರೇಮಲತಾಗೆ ಸಿಕ್ಕಿದ್ದು ಬರೀ ಆಶ್ಚರ್ಯ. ಹಳೆಯ ಗೆಳತಿಯನ್ನು ಸಂತೆಯಲ್ಲಿ ಕಂಡವರ ಆಶ್ಚರ್ಯ.

“ಜಗಳೂರಿನ ಒಂದು ಅಂಗಡೀಲಿ. ಕದ್ದ ಮಿಕ್ಸಿ ಮೇಲೆ.”

ಸಿದ್ದಲಿಂಗಮ್ಮನ ಕೈಯ ಅವರೆಕಾಯಿ ಅಲ್ಲೇ ನಿಂತಿತು.

“ಅಂಟಿಸಿದ್ದು ಯಾರು?”

“ನಾನೇ.”

“ಹನ್ನೊಂದು ಜನರ ಹೊಸ ವಸ್ತು ತೆಗೆದು ಗುಜರಿ ತುಂಬಿದ್ದೂ ನೀವೇನಾ, ಇಲ್ಲ ಸೊಸೆ ಜೊತೆ ಸೇರಿ ಮಾಡಿದ್ರಾ?”

ಸಿದ್ದಲಿಂಗಮ್ಮ ಎದ್ದು ನಿಂತಳು. ಮೊರ ಮಗುಚಿ ಅವರೆಕಾಳು ಜಗಲಿಯ ತುಂಬ ಉರುಳಿದವು, ಅವಳು ಅದನ್ನು ನೋಡಲೇ ಇಲ್ಲ.

“ಯಾರಿಗೆ ಏನು ಮಾತಾಡ್ತೀರಿ ನೀವು? ನನ್ನ ಹೊಸ್ಲಾಗೆ ಕುಂತು, ನನ್ನ ಮನೆ ನೀರು ಕುಡಿದು. ಮಂದಿ ಮನೆ ವಿಭೂತಿ ಒರ್ಸಾಕೆ ಕೈ ಬರ್ಲಿಲ್ಲ ನನಗೆ. ಮಂದಿ ಮಾಲು ಕದಿಯಾಕೆ ಬರ್ತೈತಾ?”

“ಕೈ ಬರಲಿಲ್ಲ ಸರಿ. ಒರೆಸು ಅಂತ ಹೇಳಿದ್ದು ಯಾರು?”

ಈ ಪ್ರಶ್ನೆಗೆ ಸಿದ್ದಲಿಂಗಮ್ಮನ ಸಿಟ್ಟು ತಟ್ಟನೆ ದಾರಿ ತಪ್ಪಿತು. ಬೀದಿಯ ಆಚೆ ಈಚೆ ನೋಡಿ ದನಿ ತಗ್ಗಿಸಿದಳು.

“ಚೆಕಿಂಗ್ ಮೇಡಮ್ಮು.”

“ಯಾವ ಚೆಕಿಂಗ್ ಮೇಡಂ?”

“ಕಂಪನಿಯೋರು. ಕಲ್ಪನಾ ಅಂತ. ಕೊಳ್ಳಾಗೆ ಫೋಟೋ ಇರೋ ಕಾರ್ಡ್ ಹಾಕ್ಕಂಡಿರ್ತಾರೆ. ಬಿಳೀ ಕಾರ್ನಾಗೆ ಬರ್ತಾರೆ.”

ಹಬ್ಬಿನಲ್ಲಿ ಹೆಣ್ಣುಮಗಳೆಂದರೆ ರಮ್ಯಶ್ರೀ ಒಬ್ಬಳೇ. ಮೇಲಿನಿಂದ ಎರಡು ವರ್ಷ ಯಾರೂ ಬಂದಿಲ್ಲ. ಪ್ರೇಮಲತಾ ಜಗಲಿಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತಳು. “ಕೂತ್ಕರಿ ಅಮ್ಮಾ. ಮೊದಲಿಂದ ಹೇಳ್ರಿ.”

ಸಿದ್ದಲಿಂಗಮ್ಮ ಕೂತಳು. ಕಾಳು ಆರಿಸಿಕೊಳ್ಳುತ್ತಾ ಹೇಳಿದಳು.

ಗಿರಾಕಿಯ ಬಾಗಿಲಲ್ಲಿ ಸೀಲು ಹಾಕುವುದು ರಮ್ಯಶ್ರೀಗೆ ಆಗುತ್ತಿರಲಿಲ್ಲ. ಯಾರೂ ಹತ್ತು ನಿಮಿಷ ನಿಲ್ಲಿಸಿಕೊಳ್ಳುವುದಿಲ್ಲ. ಫೋಟೋ ಆದ ತಕ್ಷಣ ‘ಆಯ್ತಲ್ಲ, ತಗೊಂಡು ಹೋಗು’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹಂಗಾಗಿ ಬೆಳಗಿನ ಮಾಲನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಊಟಕ್ಕೆ ಮನೆಗೆ ಬಂದು, ಇದೇ ಜಗಲಿಯ ಮೇಲೆ ಕೂತು ಒಂದೊಂದನ್ನೇ ಕವರಿಗೆ ಹಾಕಿ ಟೇಪು ಹಚ್ಚುತ್ತಿದ್ದಳು. ಅತ್ತೆ ಟೇಪು ಹಿಡಿದುಕೊಂಡರೆ ಸೊಸೆ ಕತ್ತರಿಸುತ್ತಿದ್ದಳು. ಹೊನ್ನಾಳಿ, ನ್ಯಾಮತಿಯ ಸ್ಕೂಟರಿನ ಹುಡುಗರೆಲ್ಲ ಮರದ ಕೆಳಗೆ ನಿಲ್ಲಿಸಿಕೊಂಡು ಮಾಡುವುದೂ ಇದನ್ನೇ. ರೂಲ್ಸು ಬರೆದವರಿಗೆ ಈ ಕಡೆಯ ಬಿಸಿಲೂ ಗೊತ್ತಿಲ್ಲ, ಜನರೂ ಗೊತ್ತಿಲ್ಲ.

ಹಾಗೊಂದು ಮಧ್ಯಾಹ್ನ ಬಿಳಿಯ ಕಾರು ಬಂದು ನಿಂತಿತು. ಕಲ್ಪನಾ ಇಳಿದು, ಬಿಚ್ಚಿದ ಮಾಲನ್ನೂ ಟೇಪನ್ನೂ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದಳು.

“ನನ್ನ ಸೊಸೆ ಕಾಲಿಗೆ ಬೀಳೋದೊಂದು ಬಾಕಿ,” ಎಂದಳು ಸಿದ್ದಲಿಂಗಮ್ಮ. “ಆಕಿ ಅಂದ್ಲು, ರಿಪೋರ್ಟ್ ಮಾಡಲ್ಲ, ಬಡವ್ರು ನೀವು. ಆದ್ರೆ ಇನ್ ಮ್ಯಾಲೆ ನಾನು ಬಂದಾಗ ಮಾಲು ನನಗೆ ಕೊಡ್ಬೇಕು, ಕಾರಿನಾಗಿನ ಮಿಷನ್ನಿಗೆ ಹಾಕಿ ಚೆಕ್ ಮಾಡಿ, ಕವರಿಗೂ ನಾನೇ ಹಾಕಿ ಕೊಡ್ತೀನಿ, ನೀನು ಸ್ಕ್ಯಾನ್ ಮಾಡು ಸಾಕು. ಯಾರಿಗಾದ್ರೂ ಹೇಳಿದ್ರೆ ಅವತ್ತೇ ಕೆಲ್ಸ ಹೋಗ್ತೈತೆ ಅಂತ.”

“ಹನ್ನೊಂದು ಸಲ ಬಂದಳಾ?”

“ಎಣಿಸಿಲ್ಲ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಆ ಮಿಕ್ಸಿ ದಿನ ವಿಭೂತಿ ನೋಡಿ, ಇದನ್ನ ಒರೆಸಿ ಕೊಡು ಅಂದ್ಲು. ನಾನು ಒಲ್ಲೆ ಅಂದೆ. ಮುಚ್ಚಿ ಕೊಡ್ತೀನಿ ಅಂದೆ. ನಕ್ಕಂಡು ತಗಂಡು ಹೋದ್ಲು.”

ಪ್ರೇಮಲತಾಗೆ ಎಲ್ಲ ಒಟ್ಟಿಗೇ ಬಿಚ್ಚಿಕೊಂಡಿತು. ಹೊಸದು ಕಾರಿನೊಳಗೆ ಹೋಗಿದೆ, ಗುಜರಿ ಹೊರಗೆ ಬಂದಿದೆ, ಸ್ಕ್ಯಾನ್ ಮಾತ್ರ ರಮ್ಯಶ್ರೀಯ ಮೊಬೈಲಿನಿಂದ ಆಗಿದೆ. ಹುಡುಗಿ ಸುಳ್ಳು ಹೇಳಿದ್ದು ನಿಜ. ಆದರೆ ಮನೆಯ ಜಗಲಿಯಲ್ಲಿ ಟೇಪು ಹಚ್ಚಿದ ಒಂದು ತಪ್ಪನ್ನು ಮುಚ್ಚಲು ಹೇಳಿದ ಸುಳ್ಳು. ಅದನ್ನು ಕಳ್ಳತನವೆಂದು ಎರಡು ಗಂಟೆ ಕಾಲ ನಂಬಿದ್ದಕ್ಕೆ ಪ್ರೇಮಲತಾಗೆ ನಾಚಿಕೆಯಾಯಿತು. ಎರಡು ಸಲ ಕಟ್ ಮಾಡಿದ ಕಾಲ್ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು.

“ರಮ್ಯ ಎಷ್ಟೊತ್ತಿಗೆ ಬರ್ತಾಳೆ?”

“ಇನ್ನೇನು ಬರ್ಬೋದು. ಆ ಮೇಡಮ್ಮಿನ ಜೊತೆಗೇ ಹೋಗ್ಯಾಳೆ.”

“ಯಾವಾಗ?”

“ಮೂರು ಗಂಟೆಗೆ. ಎಲ್ಲಾ ಬಗೆಹರೀತು ಅಂತ ಹೇಳಾಕೇ ಬಂದಿದ್ರು. ಒಂದು ಕಾಗ್ದ ಬರ್ದು ಕೊಟ್ರೆ ಕೇಸೂ ಇಲ್ಲ ಏನೂ ಇಲ್ಲಂತೆ. ನನ್ನ ಸೊಸೆ ಮೊದ್ಲು ಒಪ್ಪಲಿಲ್ರೀ. ಚನ್ನಗಿರಿ ಅಕ್ಕನ್ನ ಕೇಳ್ತೀನಿ ಅಂತ ಫೋನ್ ಹಚ್ಚಿದ್ಲು, ಎತ್ತಲಿಲ್ಲ. ಅದಕ್ಕೆ ಆ ಮೇಡಮ್ಮೇ ಅಂದ್ರು, ಪ್ರೇಮಲತಾ ಅವ್ರೇ ನನ್ನ ಕಳ್ಸಿದ್ದು, ಅವ್ರು ಈಗ ಹಬ್ಬಿನಾಗೆ ಮಾತಾಡ್ತಾ ಕುಂತಾರೆ, ಅದ್ಕೇ ಫೋನ್ ಎತ್ತಲ್ಲ ಅಂತ.” ಸಿದ್ದಲಿಂಗಮ್ಮ ತಲೆಯೆತ್ತಿದಳು. “ನೀವು ಚನ್ನಗಿರಿಯೋರೇ ಅಲ್ವಾ. ಆ ಪ್ರೇಮಲತಾ ಅನ್ನೋರನ್ನ ಬಲ್ರಾ?”

ಪ್ರೇಮಲತಾ ಬ್ಯಾಗಿನಿಂದ ಮೊಬೈಲ್ ತೆಗೆದಳು.

ಮೂರು ಗಂಟೆಗೆ ಅವಳು ಹೊನ್ನಾಳಿಯಲ್ಲಿ ಬಸ್ಸಿಗೆ ನಿಂತಿದ್ದಳು. ಅದಕ್ಕೂ ಮುಂಚೆ ಹಬ್ಬಿನಲ್ಲಿ ಕೂತಿದ್ದಳು. ಕೂತದ್ದು ಗೊತ್ತಿದ್ದವನು ಪ್ರಸನ್ನಕುಮಾರ್ ಒಬ್ಬನೇ. ಮಿಕ್ಸಿ ಸಿಕ್ಕಿದ್ದು ಗೊತ್ತಿದ್ದವನು ತಿಪ್ಪೇಶಪ್ಪ ಒಬ್ಬನೇ. ಕಲ್ಪನಾಗೆ ಸುದ್ದಿ ಮುಟ್ಟಿಸಿದ್ದು ಇಬ್ಬರಲ್ಲಿ ಒಬ್ಬ, ಅಥವಾ ಇಬ್ಬರೂ.

ರಮ್ಯಶ್ರೀಯ ನಂಬರ್ ಒತ್ತಿದಳು. ಮೊದಲನೆಯ ರಿಂಗಿಗೇ ಹುಡುಗಿ ಎತ್ತಿದಳು. ಹಿಂದೆ ಕಾರಿನ ಸದ್ದು. ಅವಳ ದನಿಯಲ್ಲಿ ಒಂದು ತಿಂಗಳಿಂದ ಇಲ್ಲದ ನೆಮ್ಮದಿ ಇತ್ತು.

“ಅಕ್ಕಾ, ಈಗ ಫೋನ್ ಮಾಡಿದ್ರಾ. ನೀವು ಹೇಳಿ ಕಳ್ಸಿದಂಗೇ ಬರ್ದು ಕೊಟ್ಟೆ. ಹನ್ನೊಂದೂ ನಾನೇ ತೆಗ್ದಿದ್ದು ಅಂತ. ನೀವೇ ಹಂಗೆ ಬರೀಬೇಕು ಅಂದ್ರಂತಲ್ಲ, ಹಂಗೆ ಬರೆದ್ರೆ ಕಂಪನಿ ಮಾಫಿ ಮಾಡ್ತೈತೆ ಅಂತ.”

“ರಮ್ಯ, ನಾನು ಯಾರನ್ನೂ ಕಳ್ಸಿಲ್ಲ. ಎಲ್ಲಿದ್ದೀಯ? ಕಾರು ನಿಲ್ಲಿಸಾಕೆ ಹೇಳು, ಇಳಿ.”

ಆ ಕಡೆ ಯಾರೋ ಹೆಂಗಸು ಏನೋ ಕೇಳಿದಳು. ರಮ್ಯಶ್ರೀ ‘ಪ್ರೇಮಕ್ಕ’ ಎಂದು ಅವಳಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಹುಡುಗಿಯ ದನಿ ಮತ್ತೆ ಹತ್ತಿರ ಬಂತು. ಈ ಸಲ ಅದರಲ್ಲಿ ಮೊದಲಿನ ನೆಮ್ಮದಿ ಇರಲಿಲ್ಲ.

“ಹಂಗಂದ್ರೆ ಹೆಂಗಕ್ಕಾ. ಕಾಗದದ ಕೆಳಗೆ ಸಾಕ್ಷಿ ಅಂತ ನಿಮ್ಮ ಸಹಿ ಐತಲ್ಲ. ಅದನ್ನ ನೋಡಿದ ಮೇಲೇ ನಾನು ನನ್ನ ಸಹಿ ಹಾಕಿದ್ದು.”